ಕೆಂಗೇರಿಯಲ್ಲಿ ಕೊಂಡ ಜಪಾನ್ ಗಿಟಾರ್

1976ರ ಜುಲೈ ಹದಿನೆಂಟರ ಭಾನುವಾರ ಬೆಳಿಗ್ಗೆ, ರಾಜಾಜಿನಗರದ ಒಂದು ಮನೆಯ ಹಜಾರದಲ್ಲಿ, ನನ್ನ ಅಪ್ಪ, ಸೋದರಮಾವ ಮತ್ತು ನಾನು ಒಂದು ಎಲೆಕ್ಟ್ರಿಕ್ ಗಿಟಾರನ್ನು ಒಂದು ಗಂಟೆ ಹತ್ತು ನಿಮಿಷ ಪರೀಕ್ಷಿಸಿ, ಬೇಡವೆಂದು ಹೇಳಿ ಎದ್ದು ಬಂದೆವು. ಮೂವರಲ್ಲಿ ಯಾರಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದವಳು ನನ್ನ ತಂಗಿ. ಅವಳನ್ನು ನಾವು ಕರೆದುಕೊಂಡು ಹೋಗಿರಲಿಲ್ಲ.

ನಾವಾಗ ವಿಜಯನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ಅಪ್ಪ ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದ ಸರ್ಕಾರಿ ನೌಕರರು. ನಾನು ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತಂಗಿಗೆ ಇಪ್ಪತ್ತೊಂದು. ಹೈಸ್ಕೂಲಿನಲ್ಲಿದ್ದಾಗಿನಿಂದ ಮಲ್ಲೇಶ್ವರದ ಒಬ್ಬ ಮೇಷ್ಟರ ಹತ್ತಿರ ಹವಾಯನ್ ಗಿಟಾರ್ ಕಲಿತಿದ್ದಳು. ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ಆಗ ಒಪ್ಪಿತವಾಗಿದ್ದ ಗಿಟಾರ್ ಅದೊಂದೇ. ನಿಂತು, ಪಟ್ಟಿ ಹೆಗಲಿಗೆ ಹಾಕಿ ನುಡಿಸುವಂಥದ್ದಲ್ಲ. ಕುರ್ಚಿಯ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಲ್ಲಿ ಮೀಟುವುದು. ಸೆರಗು ಜಾರುವುದಿಲ್ಲ ಎಂಬುದು ಅವ್ವನಿಗೆ ಅದರಲ್ಲಿ ಕಂಡ ಮುಖ್ಯ ಗುಣ.

ವಿಜಯನಗರದಲ್ಲೇ ಒಂದು ಆರ್ಕೆಸ್ಟ್ರಾ ಇತ್ತು. ಅದನ್ನು ನಡೆಸುತ್ತಿದ್ದವರು ಬ್ಯಾಂಕೊಂದರಲ್ಲಿ ಗುಮಾಸ್ತರು. ಅವರ ಗಿಟಾರ್ ವಾದಕನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ನೆರೆಮನೆಯ ನಾಮಕರಣದಲ್ಲಿ ತಂಗಿ ನುಡಿಸಿದ್ದನ್ನು ಕೇಳಿ, ಮಾರನೆಯ ದಿನ ಅವರು ನಮ್ಮ ಮನೆಗೇ ಬಂದರು.

"ಸಿಸ್ಟರ್, ಕೈ ಚೆನ್ನಾಗಿದೆ. ಆದ್ರೆ ಈ ಮರದ ಡಬ್ಬ ಪೆಂಡಾಲಲ್ಲಿ ಯಾರಿಗೂ ಕೇಳ್ಸಲ್ಲ. ಎಲೆಕ್ಟ್ರಿಕ್ ಬೇಕು, ಅದೂ ನಿಮ್ದೇ ಇರ್ಬೇಕು. ಆಂಪ್ಲಿಫೈಯರ್ ನಮ್ಹತ್ರ ಇದೆ. ಗಣೇಶನ ಹಬ್ಬದೊಳಗೆ ತಂದ್ರೆ ಜಾಗ ನಿಮ್ದು. ಇಲ್ಲಾಂದ್ರೆ ಇನ್ನೊಬ್ರು ಕಾಯ್ತಿದಾರೆ."

ಹಬ್ಬಕ್ಕೆ ಆಗ ಏಳು ವಾರ ಉಳಿದಿತ್ತು. ಮೂರು ದಿನ ತಂಗಿ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಿದ್ದಳು. ನಾಲ್ಕನೆಯ ದಿನ ಅಪ್ಪನಿಗೆ ನೇರವಾಗಿ ಹೇಳಿದಳು: "ನಂಗೆ ಆ ಜಾಗ ಬೇಕಪ್ಪ. ಇನ್ನೊಂದ್ಸಲ ಯಾರೂ ಬಂದು ಕರಿಯಲ್ಲ."

ಅಪ್ಪ ಒಪ್ಪಿದರು. ಆರ್ಕೆಸ್ಟ್ರಾದವರು ಬ್ಯಾಂಕಿನ ನೌಕರರು, ತಿಂಗಳ ಸಂಬಳದವರು ಎಂಬುದೇ ಒಪ್ಪಿಗೆಗೆ ಕಾರಣ. ಕಾರ್ಯಕ್ರಮಗಳಿಗೆ ನಾನು ಜೊತೆಗೆ ಹೋಗಬೇಕು, ಗಿಟಾರಿಗೆ ಆರುನೂರು ರೂಪಾಯಿಗಿಂತ ಒಂದು ಪೈಸೆ ಹೆಚ್ಚಿಲ್ಲ ಎಂದರು. ಪೇಟೆಯ ಅಂಗಡಿಗಳಲ್ಲಿ ಹೊಸದರ ಬೆಲೆ ಅದನ್ನು ಮೀರಿತ್ತು. ಹಾಗಾಗಿ ಯಾರಾದರೂ ನುಡಿಸಿ ಬಿಟ್ಟದ್ದನ್ನೇ ಹುಡುಕಬೇಕಾಯಿತು. ಹಾಗೆ ಮಾರಾಟಕ್ಕೆ ಬರುವುದೆಲ್ಲ ಜಪಾನಿನದು ಎಂದು ಎಲ್ಲರೂ ಹೇಳುತ್ತಿದ್ದರು.

ಅನುಮಾನ ಶುರುವಾದದ್ದು ಅಲ್ಲಿಂದ. ಅದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ಕಳ್ಳಸಾಗಣೆಯ ಮಾಲು ವಶಪಡಿಸಿಕೊಂಡ ಸುದ್ದಿಗಳ ಕರಡನ್ನು ನಾನೇ ತಿದ್ದುತ್ತಿದ್ದೆ. ವಾಚು, ಟೇಪ್ ರೆಕಾರ್ಡರ್, ನೈಲಾನ್ ಸೀರೆ. ಗಿಟಾರ್ ಆ ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ, ಬರುವುದಿಲ್ಲವೆಂದು ಹೇಳುವಂತಿರಲಿಲ್ಲ. ಅಪ್ಪ ಒಂದೇ ಉಸಿರಿನಲ್ಲಿ ಎರಡೂ ದಾರಿಯನ್ನು ಮುಚ್ಚಿಬಿಟ್ಟರು.

"ನಕಲಿ ಆದ್ರೆ ದುಡ್ಡು ಹೋಯ್ತು. ಅಸಲಿ ಆದ್ರೆ ಕೆಲ್ಸ ಹೋಯ್ತು."

"ಹಂಗಾದ್ರೆ ಯಾವ್ದು ತರೋದಪ್ಪ?" ಎಂದು ನಾನು ಕೇಳಿದೆ.

"ಅಸಲೀನೇ. ಆದ್ರೆ ರಸೀದಿ ಇರೋದು."

ರಾಜಾಜಿನಗರದ ಮನೆಯಲ್ಲಿದ್ದವರು ಐವತ್ತು ದಾಟಿದ ಹೆಂಗಸು. ಒಬ್ಬನೇ ಮಗ ಹಡಗಿನ ಕೆಲಸದಲ್ಲಿದ್ದಾಗ ಸಿಂಗಪುರದಲ್ಲಿ ಗಿಟಾರ್ ಕೊಂಡಿದ್ದನಂತೆ. ಈಗ ಮುಂಬಯಿಯಲ್ಲಿ ಬೇರೆ ಕೆಲಸಕ್ಕೆ ಸೇರಿ, ಮಾರಿಬಿಡು ಎಂದು ತಾಯಿಗೆ ಪತ್ರ ಬರೆದಿದ್ದ. ಕೇಳಿದ ಬೆಲೆ ಐನೂರು. ಜಪಾನಿನ ಗಿಟಾರಿಗೆ ಐನೂರು ಕಡಿಮೆಯಾಯಿತೆಂದು ಮೂವರಿಗೂ ಅನ್ನಿಸಿತು. ಕಡಿಮೆ ಯಾಕೆ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಸೋದರಮಾವ ಒಂದು ದೊಡ್ಡ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಹೊರಗಿನ ಸಣ್ಣ ವರ್ಕ್‌ಶಾಪ್‌ಗಳಿಂದ ಬರುವ ಬಿಡಿಭಾಗಗಳನ್ನು ಅಳೆದು ತಿರಸ್ಕರಿಸುವುದು ಅವರ ಕೆಲಸ. ಸರಿಯಿದ್ದದ್ದನ್ನು ಒಪ್ಪುವುದೂ ಅದೇ ಕೆಲಸದ ಭಾಗವಿರಬೇಕು, ಆದರೆ ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಆ ದಿನ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಉದ್ದ ಅಳೆಯುವ ವರ್ನಿಯರ್, ಸ್ಕ್ರೂವಿನ ಸುರುಳಿ ಅಳೆಯುವ ಥ್ರೆಡ್ ಗೇಜ್, ಒಂದು ಅಯಸ್ಕಾಂತ, ಮೂರು ಸ್ಕ್ರೂಡ್ರೈವರ್ ತಂದಿದ್ದರು.

ಆಕೆ ಕಾಫಿ ಕೊಟ್ಟು, ಗೋಡೆ ಪಕ್ಕದ ದೊಡ್ಡ ರೇಡಿಯೋ ತೋರಿಸಿದರು. ಆ ಕಾಲದ ರೇಡಿಯೋಗಳ ಹಿಂದೆ ಗ್ರಾಮಾಫೋನ್ ಜೋಡಿಸಲು ಎರಡು ತೂತು ಇರುತ್ತಿದ್ದವು. ಗಿಟಾರಿನ ವೈರನ್ನು ಅಲ್ಲಿಗೆ ಸಿಕ್ಕಿಸಿದರೆ ರೇಡಿಯೋದಲ್ಲೇ ಧ್ವನಿ ಬರುತ್ತಿತ್ತು.

"ಹಾಕ್ಕೊಡ್ಲಾ? ನನ್ ಮಗ ಹಿಂಗೇ ನುಡಿಸ್ತಿದ್ದ."

"ಇರಿ ತಾಯಿ," ಎಂದರು ಮಾವ. "ಮೊದ್ಲು ಮೈ ನೋಡೋಣ, ಬಾಯಿ ಆಮೇಲೆ."

ಗಿಟಾರ್ ಕಡುಗೆಂಪು. ಮೈಯ ಕೆಳಮೂಲೆಯಲ್ಲಿ ಬಣ್ಣ ಎದ್ದಿತ್ತು. ಮಾವ ಕತ್ತಿನ ಮೇಲಿನ ಲೋಹದ ಕಂಬಿಗಳ ನಡುವಿನ ಅಂತರವನ್ನು ಒಂದೊಂದಾಗಿ ಅಳೆದು ಹೇಳಿದರು, ನಾನು ಬರೆದುಕೊಂಡೆ. ಅಯಸ್ಕಾಂತ ಹಿಡಿದು ನೋಡಿದರು. ಆಮೇಲೆ ತಂತಿಗಳ ಕೆಳಗಿದ್ದ ಪಿಕಪ್ಪಿನ ಮುಚ್ಚಳ ಬಿಚ್ಚಿದರು. ತಂತಿಯ ನಡುಕವನ್ನು ಹಿಡಿದು ಕರೆಂಟಾಗಿ ಮಾಡುವ, ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರುವುದು ಅದರೊಳಗೆ. ಒಂದು ಸ್ಕ್ರೂ ತೆಗೆದು ಗೇಜಿನ ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿದಾಗ ಮಾವನ ಮುಖ ಅರಳಿತು.

"ಭಾವ, ಇಲ್ ನೋಡಿ. ಜಪಾನಿನೋನು ಮಿಲಿಮೀಟರ್ ಲೆಕ್ಕದ ಸ್ಕ್ರೂ ಹಾಕ್ತಾನೆ. ಇದು ಬ್ರಿಟಿಷ್ ಲೆಕ್ಕದ್ದು. ನಮ್ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗತ್ತೆ. ಕಾಯಿಲ್ ಕೊನೇಲಿ ನೋಡಿ, ಹಸಿರು ನೂಲು ಕಟ್ಟಿದಾರೆ. ಜಪಾನಿನೋನು ನೂಲು ಕಟ್ತಾನಾ? ಇದು ಯಶವಂತಪುರದ ಜಪಾನು."

"ಅದು ರಿಪೇರಿ ಮಾಡ್ಸಿದ್ದು ಸ್ವಾಮಿ," ಎಂದರು ಆಕೆ. "ಒಳಗೆ ಸುಟ್ಟೋಗಿತ್ತು ಅಂದಿದ್ದ ಮಗ."

"ರಸೀದಿ ಇದ್ಯಾ?" ಅಪ್ಪ ಕೇಳಿದರು.

"ಯಾವ್ದರ ರಸೀದಿ?"

"ರಿಪೇರಿದು. ಕಸ್ಟಮ್ಸ್‌ದು. ಯಾವ್ದಾದ್ರೂ."

"ಹಡಗಿಂದ ಇಳಿದೋನು ಕೈಯಲ್ಲಿ ಹಿಡ್ಕೊಂಡ್ ಬಂದ. ನಾನ್ಯಾಕೆ ರಸೀದಿ ಕೇಳ್ಲಿ, ಹೆತ್ತೋಳು?"

ಅಪ್ಪ ನನ್ನ ಕಡೆ ನೋಡಿದರು. 'ರಸೀದಿ ಇಲ್ಲ' ಎಂದು ಬರೆದುಕೊಂಡೆ. 'ರಿಪೇರಿ ಎನ್ನುತ್ತಾರೆ' ಎಂದೂ ಬರೆದುಕೊಂಡೆ. 'ಎನ್ನುತ್ತಾರೆ' ಎಂಬ ಪದವನ್ನು ನಾವು ಪತ್ರಿಕೆಯಲ್ಲಿ ಯಾವಾಗ ಬಳಸುತ್ತೇವೆಂದು ಓದುಗರಿಗೆ ಗೊತ್ತು.

ಆಕೆ ನನ್ನ ಪುಸ್ತಕವನ್ನು, ಮಾವನ ಗೇಜನ್ನು ನೋಡಿ ಕೈ ಕಟ್ಟಿಕೊಂಡು ನಿಂತರು.

"ಹೆಣ್ಣು ನೋಡೋಕೆ ಬಂದೋರು ಸಹ ಒಂದ್ ಹಾಡು ಹೇಳಮ್ಮ ಅಂತಾರೆ. ನೀವು ಹಲ್ಲೇ ಎಣಿಸ್ತಾ ಕೂತ್ರಲ್ಲ. ನುಡಿಸೋ ಮಗೂನ ಕರ್ಕೊಂಡ್ ಬನ್ನಿ, ಅವಳೇ ನೋಡ್ಲಿ."

"ಮದುವೆ ಆಗ್ಬೇಕಾದ ಹುಡುಗಿ," ಎಂದರು ಅಪ್ಪ. "ಕಂಡೋರ ಮನೇಲಿ ಕೂತು ನುಡಿಸೋದು ಸರಿ ಅಲ್ಲ."

"ಪೆಂಡಾಲಲ್ಲಿ ಸರಿನಾ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡರು.

ಮನೆಗೆ ಬಂದು ನಾನು ತಂಗಿಗೆ ಟಿಪ್ಪಣಿಗಳನ್ನು ಓದಿ ಹೇಳಿದೆ. ಎರಡೂವರೆ ಪುಟ ಇತ್ತು. ಅವಳು ಕೊನೆಯವರೆಗೂ ಕೇಳಿ, "ಮೀಟಿದ್ರೆ ಸ್ವರ ಎಷ್ಟ್ ಹೊತ್ತು ನಿಲ್ಲತ್ತೆ?" ಎಂದಳು. ಅದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

"ಶ್ರುತಿ ಗೂಟ ತಿರುಗಿಸಿ ಬಿಟ್ರೆ ಅಲ್ಲೇ ನಿಲ್ಲತ್ತಾ, ಜಾರತ್ತಾ?"

ಅದೂ ಇರಲಿಲ್ಲ.

"ಅದು ನಕಲಿ ಕಣೇ. ಸ್ವರ ನಿಂತ್ರೆ ಎಷ್ಟು, ಬಿಟ್ರೆ ಎಷ್ಟು?" ಎಂದೆ. ಮುಂದಿನ ಗಿಟಾರ್ ನೋಡಲು ತಾನೂ ಬರುತ್ತೇನೆ ಎಂದಷ್ಟೇ ಹೇಳಿದಳು.

ಮುಂದಿನದು ಕೆಂಗೇರಿಯಲ್ಲಿ, ಮುಂದಿನ ಭಾನುವಾರವೇ. ಮಾವನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಯಾರಿಗೋ ಹೇಳಿ ಬಂದ ಸುದ್ದಿ. ಮೈಸೂರು ರಸ್ತೆಯ ಬಸ್ಸು, ಅಷ್ಟು ದೂರ ಬೇಡ ಎಂದು ಅಪ್ಪ ತಂಗಿಯನ್ನು ಮನೆಯಲ್ಲೇ ಬಿಟ್ಟರು. ಅವಳು ನನ್ನನ್ನು ಅಡುಗೆಮನೆಗೆ ಕರೆದು ವಾಚು ನೋಡಿಕೊಂಡು ಮಾಡಬೇಕಾದ್ದನ್ನು ಹೇಳಿಕೊಟ್ಟಳು. ಮೂರನೆಯ ತಂತಿಯನ್ನು ಮೀಟಿ, ಕೈ ತೆಗೆದು, ಧ್ವನಿ ಪೂರ್ತಿ ಹೋಗುವವರೆಗೆ ಸೆಕೆಂಡು ಎಣಿಸಬೇಕು. ಆಂಪ್ಲಿಫೈಯರಿಗೋ ರೇಡಿಯೋಗೋ ಹಾಕಿಸಿಯೇ ಎಣಿಸಬೇಕು. ಅದಕ್ಕಿಂತ ಬೇರೇನೂ ತನಗೆ ಬೇಡ ಎಂದಳು.

ಕೆಂಗೇರಿಯ ಮಾರಾಟಗಾರನಿಗೆ ನಲವತ್ತು ಇರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಮೆತ್ತಗೆ. ಮನೆಯಲ್ಲಿ ಎರಡು ಕುರ್ಚಿ, ಒಂದು ಚಾಪೆ. ಗೋಡೆಯ ಮೇಲೆ ಕ್ಯಾಲೆಂಡರ್ ಕೂಡ ಇರಲಿಲ್ಲ. ಇದನ್ನು ನಾನು ಬರೆದುಕೊಂಡಿದ್ದೇನೆ, ಪುಸ್ತಕದಲ್ಲಿ ಈಗಲೂ ಇದೆ, ಆದರೆ ಅದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿಲ್ಲ. ಅವನು ನಾವು ಕೇಳುವ ಮೊದಲೇ ಒಂದು ರಟ್ಟಿನ ಪೆಟ್ಟಿಗೆ, ಜಪಾನೀ ಅಕ್ಷರಗಳ ಒಂದು ಹಾಳೆ ಮತ್ತು ಕಸ್ಟಮ್ಸ್ ಸುಂಕ ಕಟ್ಟಿದ ರಸೀದಿಯನ್ನು ಮುಂದಿಟ್ಟ.

ಅಪ್ಪ ರಸೀದಿಯನ್ನು ಎರಡು ಸಲ ಓದಿ ನನಗೆ ಕೊಟ್ಟರು. ನಾನು ಕರಡು ನೋಡುವಂತೆ ನೋಡಿದೆ. ಅಚ್ಚಿನ ದೋಷ ಒಂದೂ ಇರಲಿಲ್ಲ. ಕಾಗುಣಿತ, ಅಂಕಿ, ದಿನಾಂಕ, ಮೊಹರು ಎಲ್ಲ ನೆಟ್ಟಗಿದ್ದವು. ಸರಿಯಿದೆ ಎಂದು ತಲೆಯಾಡಿಸಿದೆ. ಕರಡು ಸರಿಯಿದ್ದ ಮಾತ್ರಕ್ಕೆ ಸುದ್ದಿ ನಿಜವಾಗುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿರಬೇಕಿತ್ತು.

ಮಾವ ಸ್ಕ್ರೂ ಬಿಚ್ಚಿ ಗೇಜಿಗೆ ಕೂರಿಸಿದರು. ಮಿಲಿಮೀಟರ್ ಲೆಕ್ಕದ್ದೇ. ಇನ್ನೊಂದು ಬಿಚ್ಚಿದರು, ಅದೂ ಅಷ್ಟೇ. ಪಿಕಪ್ಪಿನ ಮುಚ್ಚಳ ಮಾತ್ರ ಬೆಸುಗೆ ಹಾಕಿ ಮುಚ್ಚಿತ್ತು.

"ಸೀಲ್ ಮಾಡಿದಾರೆ ಭಾವ. ಅಸಲಿ ಕಂಪನಿ ಮಾಡೋದೇ ಹಿಂಗೆ."

"ಕರೆಂಟಿಗೆ ಹಾಕಿ ನೋಡ್ಬೇಕಿತ್ತು," ಎಂದೆ.

"ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಸಾರ್ ಇಲ್ಲಿ," ಎಂದ ಅವನು. "ಇರ್ಲಿ ಬಿಡಿ, ಬೇಕಾದ್ರೆ ಇನ್ನೊಂದ್ ದಿನ ಬನ್ನಿ. ಮಧ್ಯಾಹ್ನ ಮಾಗಡಿ ರಸ್ತೆಯಿಂದ ಒಬ್ರು ಬರ್ತೀನಿ ಅಂದಿದಾರೆ, ಅವರಿಗೂ ತೋರಿಸ್ತೀನಿ."

ವೈರಿಲ್ಲದೆಯೇ ಮೂರನೆಯ ತಂತಿಯನ್ನು ಮೀಟಿದೆ. ನಾಲ್ಕು ಸೆಕೆಂಡಿಗೆ ಮುಗಿಯಿತು. ಮಾವನಿಗೆ ಹೇಳಿದೆ. "ಕರೆಂಟ್ ಬಂದ್ರೆ ಜಾಸ್ತಿ ನಿಲ್ಲತ್ತೆ ಕಣೋ," ಎಂದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದ್ದವರು ಹೇಳಿದ್ದನ್ನು ನಾನು ಒಪ್ಪಿದೆ. ಅವನು ಏಳುನೂರರಿಂದ ಶುರುಮಾಡಿ ಆರುನೂರಕ್ಕೆ ಇಳಿದ. ನಮ್ಮ ಮಿತಿ ಎಷ್ಟೆಂದು ಅವನಿಗೆ ತಿಳಿದಿದ್ದಂತೆ ಅಲ್ಲೇ ನಿಂತ.

ಅಂದು ಸಂಜೆ ತಂಗಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಹವಾಯನ್ ರೀತಿಗೆ ತಂತಿಗಳು ಎತ್ತರದಲ್ಲಿರಬೇಕು. ಅದಕ್ಕಾಗಿ ಒಂದು ಸಣ್ಣ ಲೋಹದ ಪಟ್ಟಿಯನ್ನು ಕತ್ತಿನ ತುದಿಯಲ್ಲಿ ತಂತಿಗಳ ಕೆಳಗೆ ತೂರಿಸಿದಳು. ಶ್ರುತಿ ಮಾಡಿದಳು. ಮನೆಯೊಡೆಯರ ರೇಡಿಯೋ ಕೇಳಿ ತಂದಿದ್ದೆವು, ಅದಕ್ಕೆ ವೈರು ಸಿಕ್ಕಿಸಿದೆ. ಅವಳು ಒಂದು ಸಲ ಮೀಟಿದಳು. ರೇಡಿಯೋದಿಂದ ಮೊದಲು ಬಂದದ್ದು ಗುಂಯ್ ಎಂಬ ಸದ್ದು, ಅದರ ಹಿಂದೆ ಎಲ್ಲೋ ಸ್ವರ. ಉಕ್ಕಿನ ತುಂಡನ್ನು ಅರ್ಧ ದಾರಿ ಜಾರಿಸುವಷ್ಟರಲ್ಲಿ ಸ್ವರ ಹೋಗಿತ್ತು. ತುಂಡು ಮಾತ್ರ ತಂತಿಯ ಮೇಲೆ ಮುಂದಕ್ಕೆ ಹೋಯಿತು.

"ಇದು ಸತ್ತಿದೆ ಅಣ್ಣ," ಎಂದಳು.

"ಮಿಲಿಮೀಟರ್ ಥ್ರೆಡ್ಡು ಕಣೇ!" ಎಂದರು ಮಾವ. "ಕಂಬಿ ಅಳತೆ ಕೂದಲಷ್ಟೂ ತಪ್ಪಿಲ್ಲ. ನಾನೇ ಅಳೆದಿದೀನಿ."

"ಮಾವ, ಕಂಬೀನ ನಾನು ಮುಟ್ಟೋದೇ ಇಲ್ಲ. ಉಕ್ಕು ತಂತಿ ಮೇಲೆ ತೇಲ್ಕೊಂಡ್ ಹೋಗತ್ತೆ. ಕಂಬಿ ಇಲ್ದಿದ್ರೂ ನಂಗೆ ನಡಿಯತ್ತೆ."

ಆರು ವರ್ಷ ಅದೇ ಮನೆಯಲ್ಲಿ ಅವಳು ನುಡಿಸಿದ್ದನ್ನು ಮಾವ ಕೇಳಿದ್ದರು, ನಾನೂ ಕೇಳಿದ್ದೆ. ಅವಳ ಎಡಗೈ ಏನು ಮಾಡುತ್ತದೆಂದು ಇಬ್ಬರೂ ನೋಡಿರಲಿಲ್ಲ.

ಆಗಸ್ಟ್ ಒಂದರ ಭಾನುವಾರ ಆರ್ಕೆಸ್ಟ್ರಾದ ಅಭ್ಯಾಸಕ್ಕೆ ಅದನ್ನೇ ತೆಗೆದುಕೊಂಡು ಹೋದಳು. ಎರಡನೆಯ ಹಾಡಿನಲ್ಲಿ ಗೂಟ ಜಾರಿ ಶ್ರುತಿ ಇಳಿಯಿತು. ಗುಂಯ್ ಸದ್ದಿಗೆ ಹಾಡುಗಾರ ಮೈಕಿನಿಂದ ಹಿಂದೆ ತಿರುಗಿ ನೋಡಿದ. ಬ್ಯಾಂಕಿನವರು ಕೈಯೆತ್ತಿ ನಿಲ್ಲಿಸಿದರು.

"ಸಿಸ್ಟರ್, ತಪ್ಪು ತಿಳ್ಕೋಬೇಡಿ. ಹದಿನೈದನೇ ತಾರೀಕು ಭಾನುವಾರ, ರಜಾ ಬೇರೆ. ಅವತ್ತು ಇನ್ನೊಂದ್ಸಲ ಬನ್ನಿ. ಅವತ್ತೂ ಹಿಂಗೇ ಆದ್ರೆ ನಾನು ಇನ್ನೊಬ್ರಿಗೆ ಹೇಳ್ಬಿಡ್ತೀನಿ. ಕರಪತ್ರ ಅಚ್ಚಿಗೆ ಕೊಡ್ಬೇಕು."

ಮಾರನೆಯ ದಿನ ಕೆಲಸ ಮುಗಿಸಿ ನಾನು ಕೆಂಗೇರಿಗೆ ಹೋದೆ. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾತ ಎಮ್ಮೆಗೆ ನೀರು ಇಡುತ್ತಿದ್ದ.

"ತಿಂಗಳಿಗೆ ಅಂತ ಬಾಡಿಗೆಗೆ ಬಂದಿದ್ರು. ಶುಕ್ರವಾರ ಖಾಲಿ ಮಾಡಿದ್ರು. ನೀವು ಗಿಟಾರ್‌ನೋರಾ? ನಿನ್ನೆನೂ ಒಬ್ರು ಬಂದಿದ್ರು."

ಪೊಲೀಸರಿಗೆ ಹೇಳೋಣವೆಂದೆ. ಅಪ್ಪ ಬೇಡವೆಂದರು. ರಸೀದಿಯೂ ಖೋಟಾ ಇದ್ದೀತು. ದೂರು ಕೊಡಬೇಕಾದರೆ, ವಿದೇಶಿ ಮಾಲೆಂದು ತಿಳಿದೇ ಕೊಂಡೆವು ಎಂದು ಬರೆದುಕೊಡಬೇಕಾಗುತ್ತಿತ್ತು. "ನಕಲಿ ಅಂತ ಸಾಬೀತಾದ್ರೆ ನಾವು ದಡ್ರು. ಆಗ್ಲಿಲ್ಲ ಅಂದ್ರೆ ಕಳ್ರು," ಎಂದರು.

ಗುಂಯ್ ಸದ್ದನ್ನಾದರೂ ತೆಗೆಸೋಣವೆಂದು ಆ ಶನಿವಾರ ತಂಗಿಯೂ ನಾನೂ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋದೆವು. ಈ ಸಲ ಅಪ್ಪನನ್ನು ಕೇಳಲಿಲ್ಲ. ಅಷ್ಟು ಸಣ್ಣ ತಂತಿ ಸುತ್ತುವವರು ಯಾರೆಂದು ಮೂರು ಕಡೆ ವಿಚಾರಿಸಿದೆ, ಮೂವರೂ ಒಂದೇ ಶೆಡ್ಡನ್ನು ತೋರಿಸಿದರು. ಅಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳಿಗೆ ಕಾಯಿಲ್ ಸುತ್ತುವ ಒಬ್ಬ ಮಧ್ಯವಯಸ್ಸಿನ ಮನುಷ್ಯ ಕನ್ನಡಕದ ಮೇಲೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಗಿಟಾರ್ ನೋಡಿ ಪಿಕಪ್ಪಿನ ಬೆಸುಗೆ ಬಿಚ್ಚಿದ. ಒಳಗೆ ಇಣುಕಿ, ಸಣ್ಣಗೆ ನಕ್ಕ.

"ಇದು ನಂದೇ ಸಾರ್."

"ನಿಮ್ದು ಅಂದ್ರೆ?"

"ಕಾಯಿಲ್ ನಾನ್ ಸುತ್ತಿದ್ದು. ನೋಡಿ, ಕೊನೇಲಿ ಹಸಿರು ನೂಲು. ಯಾವ್ದು ವಾಪಸ್ ಬಂದ್ರೂ ನಂದು ಅಂತ ಗೊತ್ತಾಗ್ಲಿ ಅಂತ ಕಟ್ಟೋದು. ಹತ್ತು ಪೀಸ್ ಆರ್ಡರ್ ಕೊಟ್ಟಿದ್ರು. ಸುತ್ತು ಕಮ್ಮಿ ಹಾಕಿ, ಸಸ್ತಾದಲ್ಲಿ ಬೇಕು ಅಂದ್ರು, ಹಂಗೇ ಹಾಕ್ಕೊಟ್ಟೆ. ಯಾತಕ್ಕೆ ಅಂತ ನಾನ್ ಕೇಳ್ಲಿಲ್ಲ."

"ಸ್ಕ್ರೂ ಮಾತ್ರ ಜಪಾನಿನದ್ದೇ ಇದೆಯಲ್ಲ?"

"ಅದೂ ಇಲ್ಲೇ ಸಾರ್, ಎರಡು ಶೆಡ್ ಆಚೆ. ಮಿಲಿಮೀಟರ್ ಲೆಕ್ಕದ್ದೇ ಬೇಕು ಅಂತ ಹೇಳಿ ಮಾಡಿಸ್ತಾರೆ. ಈ ಕಡೆ ಗಿರಾಕಿ ಎಲ್ಲಾ ಫ್ಯಾಕ್ಟರಿ ಜನ. ಗೇಜ್ ಹಿಡ್ಕೊಂಡೇ ಬರ್ತಾರೆ ಅಂತ ಅವ್ರಿಗೆ ಗೊತ್ತಿರತ್ತೆ."

ತಂಗಿ ನನ್ನ ಮುಖ ನೋಡಲಿಲ್ಲ. ನಾನು ಹಸಿರು ನೂಲನ್ನೇ ನೋಡುತ್ತಿದ್ದೆ. ರಾಜಾಜಿನಗರದ ಮನೆಯ ಕೆಂಪು ಗಿಟಾರಿನ ಬಗ್ಗೆ ಕೇಳಿದೆ.

"ಹಡಗಿನ ಹುಡುಗಂದಾ? ಅದು ಅಸಲಿ ಸಾರ್. ಕಾಯಿಲ್ ಸುಟ್ಟಿತ್ತು, ಸುತ್ತಿಕೊಟ್ಟೆ. ಬಿಚ್ಚುವಾಗ ಸ್ಕ್ರೂ ಎಲ್ಲೋ ಬಿದ್ದೋಯ್ತು, ನನ್ ಡಬ್ಬೀಲಿದ್ದದ್ದೇ ಹಾಕ್ದೆ. ಅಂಥ ಗಿಟಾರ್ ಈ ಶೆಡ್ಡಿಗೆ ಇನ್ನೊಂದು ಬಂದಿಲ್ಲ."

ತಂಗಿಯನ್ನು ಬಸ್ಸು ಹತ್ತಿಸಿ, ನಾನು ಅಲ್ಲಿಂದ ನೇರ ಆ ಮನೆಗೆ ನಡೆದುಹೋದೆ. ಆಕೆ ಬಾಗಿಲು ತೆಗೆಯಲಿಲ್ಲ. ಕಿಟಕಿಯ ಸರಳಿನ ಹಿಂದಿನಿಂದ ನನ್ನನ್ನು ಗುರುತಿಸಿದರು.

"ಮಾರಾಯ್ತು. ಒಬ್ಬ ಹುಡುಗ ಬಂದ, ರೇಡಿಯೋಗೆ ಹಾಕಿ ಎರಡ್ ನಿಮಿಷ ನುಡಿಸ್ದ, ದುಡ್ಡು ಕೊಟ್ಟು ತಗೊಂಡೋದ."

"ಯಾವ ಕಡೆಯವರು, ಏನಾದ್ರೂ ಹೇಳಿದ್ರಾ?"

"ನೀವ್ಯಾಕೆ ಕೇಳ್ತೀರಿ?" ಎಂದರು. "ಅವತ್ತು ಪುಸ್ತಕ ಹಿಡ್ಕೊಂಡು ನಾನ್ ಹೇಳಿದ್ದನ್ನೆಲ್ಲ ಬರ್ಕೊಂಡ್ರಿ. ಕಸ್ಟಮ್ಸ್ ಕಾಗದ ಕೇಳಿದ್ರಿ. ತಗೊಳ್ಲಿಲ್ಲ. ಈಗ ಯಾರು ತಗೊಂಡ್ರು ಅಂತ ಬಂದಿದೀರಿ. ಯಾರು ಕಳಿಸಿದ್ದು ನಿಮ್ಮನ್ನ?"

ಪತ್ರಿಕೆಯಲ್ಲಿ ಕೆಲಸ ಎಂದೆ. ಅದು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ. ಕಿಟಕಿ ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿತು.

ಹದಿನೈದನೆಯ ತಾರೀಕಿಗೆ ಎಂಟು ದಿನ ಉಳಿದಿತ್ತು. ಬೇರೆ ಗಿಟಾರ್ ಕೊಳ್ಳುವ ಸ್ಥಿತಿಯಲ್ಲಿ ಮನೆ ಇರಲಿಲ್ಲ. ಸೋಮವಾರ ಮಧ್ಯಾಹ್ನ ಟೈಪಿಂಗ್ ಕ್ಲಾಸಿಗೆಂದು ಹೊರಟ ತಂಗಿ ಗಿಟಾರ್ ಹಿಡಿದು ಶೆಡ್ಡಿಗೆ ಹೋದಳು. ಇದು ನನಗೆ ಗೊತ್ತಾದದ್ದು ಬುಧವಾರ. ಅವ್ವನಿಗೆ ಮೊದಲೇ ಗೊತ್ತಿತ್ತು. ಅಪ್ಪನಿಗೆ ಗುರುವಾರ, ಅದೂ ಟೈಪಿಂಗ್ ಸಂಸ್ಥೆಯ ಮೇಷ್ಟರು ಬಸ್‌ಸ್ಟಾಪಿನಲ್ಲಿ ಸಿಕ್ಕಿ "ಮಗಳಿಗೆ ಹುಷಾರಿಲ್ವಾ ಸಾರ್?" ಎಂದು ಕೇಳಿದ್ದರಿಂದ.

ಮನೆಯಲ್ಲಿ ದೊಡ್ಡ ಮಾತಾಯಿತು. ಎಸ್ಟೇಟಿನಲ್ಲಿ ಬರೀ ಗಂಡಸರು, ಹೊಗೆ, ಎಣ್ಣೆ, ಯಾರು ನೋಡಿದರು, ಏನೆಂದುಕೊಂಡರು ಎಂದು ಅಪ್ಪ ಕೇಳಿದರು. ತಂಗಿ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟಳು.

"ನೀವು ಮೂರ್ ಜನ ಹೋಗಿ ಆರಿಸಿದ್ರಿ. ನಾನೊಬ್ಳು ಹೋಗಿ ಸರಿ ಮಾಡಿಸ್ತಿದೀನಿ."

ಅಪ್ಪ ಎದ್ದು ಹೊರಗೆ ಹೋದರು. ಮಾರನೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರಂತೆ. ಇದನ್ನು ಕಾಯಿಲ್ ಸುತ್ತುವಾತ ಆಮೇಲೆ ಹೇಳಿದ. ಪತ್ರಿಕೆಯ ಹಾಳೆ ಒಂದು ಗಂಟೆಯಲ್ಲಿ ಒಮ್ಮೆಯೂ ತಿರುಗಲಿಲ್ಲವಂತೆ.

ಅದೇ ದಿನ, ಶುಕ್ರವಾರ, ಅಪ್ಪ ಎದ್ದುಹೋದ ಮೇಲೆ ನಾನೂ ಹೋದೆ. ಆತ ಮೂರು ಕಾಯಿಲ್ ಸುತ್ತಿಟ್ಟಿದ್ದ. ಒಂದೊಂದರಲ್ಲೂ ಸುತ್ತುಗಳ ಸಂಖ್ಯೆ ಬೇರೆ. ಯಾವುದರಲ್ಲಿ ಎಷ್ಟು ಎಂದು ನಾನು ಕೇಳಿದೆ, ಬರೆದುಕೊಳ್ಳಲು ಪುಸ್ತಕ ತೆಗೆದೆ.

"ಹೇಳ್ಬೇಡಿ ಅಣ್ಣ," ಎಂದಳು ತಂಗಿ, ಆತನಿಗೆ. "ಕೇಳಿದ್ರೆ ಅದೇ ತಲೇಲಿ ಕೂರತ್ತೆ. ಒಂದೊಂದೇ ಹಾಕಿ."

ಆತ ಪರೀಕ್ಷೆಗೆ ಇಟ್ಟಿದ್ದ ಹಳೆಯ ಆಂಪ್ಲಿಫೈಯರಿಗೆ ವೈರು ಕೊಟ್ಟ. ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಪೇಪರ್ ಹಾಸಿ ಅವಳು ಕೂತಳು. ಮೊದಲನೆಯದು ಜೋರಾಗಿತ್ತು, ನನಗೆ ಹಿಡಿಸಿತು. ಅವಳು ಬೇಡವೆಂದು ತಲೆಯಾಡಿಸಿ ತೆಗೆಸಿದಳು. ಎರಡನೆಯದಕ್ಕೆ ಆತ ಒಂದು ತಾಮ್ರದ ತಗಡನ್ನು ಸುತ್ತಿ ಅರ್ತ್ ವೈರಿಗೆ ಬೆಸೆದ. ಗುಂಯ್ ಸದ್ದು ನಿಂತಿತು. ಮೂರನೆಯದನ್ನು ಹಾಕಿಸಿ, ಮತ್ತೆ ಎರಡನೆಯದನ್ನೇ ಹಾಕಿಸಿದಳು. ಮೂರನೆಯ ತಂತಿಯನ್ನು ಮೀಟಿ, ಉಕ್ಕನ್ನು ಮೇಲಿನವರೆಗೆ ಜಾರಿಸಿ, ಅಲ್ಲೇ ನಡುಗಿಸಿ ನಿಲ್ಲಿಸಿದಳು. ಪಕ್ಕದ ಶೆಡ್ಡಿನ ಲೇತ್ ಯಂತ್ರ ಓಡುತ್ತಿತ್ತು. ಸ್ವರ ಅದರೊಳಗೂ ಕೇಳಿತು. ನಾನು ವಾಚು ನೋಡಲು ಮರೆತೆ.

"ಇದು," ಎಂದಳು.

ಗೂಟಗಳ ಹಲ್ಲುಗಳು ಸವೆದಿದ್ದವು. ಅವುಗಳ ಹೊಣೆಯನ್ನು ಮಾವ ಹೊತ್ತರು. ಯಾರೂ ಕೇಳಿರಲಿಲ್ಲ. ಆರು ಗೂಟ ಬಿಚ್ಚಿಕೊಂಡು ಹೋಗಿ, ಶನಿವಾರ ಸಂಜೆ ಹೊಸ ಹಿತ್ತಾಳೆಯ ಹಲ್ಲುಗಳನ್ನು ಕೂರಿಸಿ ತಂದರು. ಅವುಗಳನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದ್ದಕ್ಕೆ, "ಬರ್ಕೋತೀಯಾ?" ಎಂದರು. ಬರೆದುಕೊಳ್ಳುವುದಿಲ್ಲ ಎಂದೆ. ಆದರೂ ಹೇಳಲಿಲ್ಲ.

ಆಗಸ್ಟ್ ಹದಿನೈದರಂದು ಅಭ್ಯಾಸದ ಮನೆಯಲ್ಲಿ ತಂಗಿ ನಾಲ್ಕು ಹಾಡಿಗೆ ನುಡಿಸಿದಳು. ಅಪ್ಪ ಬಾಗಿಲ ಹೊರಗೆ, ಒಳಗಿನವರಿಗೆ ಕಾಣದ ಹಾಗೆ ನಿಂತಿದ್ದರು. ನಾಲ್ಕನೆಯದು ನಿಧಾನದ ಹಾಡು, ಗಿಟಾರಿಗೆ ಅದರಲ್ಲಿ ಉದ್ದನೆಯ ಎಳೆತಗಳಿದ್ದವು. ಬ್ಯಾಂಕಿನವರು ಅಕಾರ್ಡಿಯನ್ ಬದಿಗಿಟ್ಟು ಹತ್ತಿರ ಬಂದು ಗಿಟಾರಿನ ತಲೆಯ ಮೇಲಿನ ಅಕ್ಷರಗಳನ್ನು ಓದಲು ಬಗ್ಗಿದರು.

"ಅವತ್ತು ತಂದಿದ್ದೇ ತಾನೇ? ಯಾವ ಕಂಪನಿದು ಸಿಸ್ಟರ್?"

"ಮೇಲೆ ಜಪಾನ್ ಅಂತಿದೆ ಸಾರ್. ಒಳಗೆ ಇಂಡಸ್ಟ್ರಿಯಲ್ ಎಸ್ಟೇಟ್."

ತಬಲಾದವನು ಜೋರಾಗಿ ನಕ್ಕ. ಬ್ಯಾಂಕಿನವರು ನಗಲಿಲ್ಲ. ಇನ್ನೊಬ್ಬ ವಾದಕ ಬೆಳಿಗ್ಗೆಯೇ ಬಂದು ನುಡಿಸಿ ಹೋಗಿದ್ದಾನೆಂದೂ ಯೋಚಿಸಿ ಹೇಳುತ್ತೇನೆಂದೂ ತಿಳಿಸಿದರು. ಅವರ ಮಾತಿನಲ್ಲಿ ನನಗೆ ನಂಬಿಕೆ ಬರಲಿಲ್ಲ. ಆ ಇನ್ನೊಬ್ಬನನ್ನು ನಾವು ಯಾರೂ ಒಮ್ಮೆಯೂ ನೋಡಿರಲಿಲ್ಲ. ಹಾಗೊಬ್ಬ ಇದ್ದನೋ ಇಲ್ಲವೋ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಉತ್ತರ ಬಂದದ್ದು ಬುಧವಾರ. ಬ್ಯಾಂಕಿನಿಂದ ಹಿಂತಿರುಗುವ ದಾರಿಯಲ್ಲಿ ಅವರು ಸೈಕಲ್ ನಿಲ್ಲಿಸಿ, ಗೇಟಿನಿಂದಲೇ ಅವ್ವನ ಕೈಗೆ ಕರಪತ್ರದ ಕರಡನ್ನು ಕೊಟ್ಟು, ತಪ್ಪಿದ್ದರೆ ನಿಮ್ಮ ಮಗ ತಿದ್ದಿಕೊಡಲಿ ಎಂದು ಹೇಳಿ ಹೋದರು. ವಾದಕರ ಪಟ್ಟಿಯಲ್ಲಿ ಗಿಟಾರ್ ಎಂಬುದರ ಮುಂದೆ ತಂಗಿಯ ಹೆಸರಿತ್ತು. ನಾನು ಎರಡು ಕಡೆ ದೀರ್ಘ ಹಾಕಿದೆ, ಒಂದು ಒತ್ತಕ್ಷರ ಸರಿಪಡಿಸಿದೆ. ಅಪ್ಪ ಅದನ್ನು ಇಸಿದುಕೊಂಡು, ಇದು ಕರಡು ಮಾತ್ರ, ಅಚ್ಚಾಗಿ ಬರಲಿ ನೋಡೋಣ ಎಂದರು.

ಅದು ಅಚ್ಚಾಗಿ ಬಂತು. ಹಬ್ಬದ ದಿನಗಳಲ್ಲಿ ಅವಳು ವಿಜಯನಗರ, ರಾಜಾಜಿನಗರ ಮತ್ತು ಮಾಗಡಿ ರಸ್ತೆಯ ಪೆಂಡಾಲುಗಳಲ್ಲಿ ನುಡಿಸಿದಳು. ಮುಂದಿನ ವರ್ಷಗಳ ಕರಪತ್ರಗಳ ಕರಡನ್ನೂ ನಾನೇ ತಿದ್ದಿದೆ. 1979ರ ಹಬ್ಬದ ಕರಪತ್ರ ನನ್ನ ಬಳಿ ಉಳಿದಿರುವ ಕೊನೆಯದು. ಅದರಲ್ಲಿ ಗಿಟಾರ್ ಎಂಬುದರ ಮುಂದೆ, ಹೊಸದಾಗಿ ಸೇರಿದ ಒಬ್ಬರದೂ ಸೇರಿ, ಎರಡು ಹೆಸರುಗಳಿವೆ. ಮೊದಲನೆಯದು ತಂಗಿಯದು.